ಕಿವಿಯ ಕ್ಲಿಪ್ ನಂಬಿ ಮಾತ್ರೆ ಬಿಡಬೇಡಿ

ಕಿವಿಗೆ ಸಣ್ಣಗೆ ಕರೆಂಟ್ ಕೊಡುವ ಒಂದು ಕ್ಲಿಪ್ ಸಿಕ್ಕಿಸಿಕೊಂಡರೆ ಸಾಕು, ವೇಗಸ್ ನರ ಎಚ್ಚರವಾಗಿ ಖಿನ್ನತೆ ಹೋಗುತ್ತದೆ, ತಲೆ ಚುರುಕಾಗುತ್ತದೆ ಅನ್ನುವ ರೀಲ್ಸ್ ಈಗ ಜಾಸ್ತಿಯಾಗಿವೆ. ಹಾಸನ, ಸಕಲೇಶಪುರ ಕಡೆಯ ನನ್ನ ಪರಿಚಯದವರೇ ಇವನ್ನು ಒಬ್ಬರಿಗೊಬ್ಬರು ಕಳಿಸುತ್ತಿದ್ದಾರೆ. ಆ ನರದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕ್ಲಿಪ್ ಬಂತು ಅಂತ ಮಾತ್ರೆ ನಿಲ್ಲಿಸುವವರನ್ನು ನೋಡಿದ ಮೇಲೆ ಸುಮ್ನೆ ಇರಲು ಆಗುತ್ತಿಲ್ಲ.

ಮೆದುಳಿನ ಬುಡದಿಂದ ಹೊರಟು, ಕುತ್ತಿಗೆಯ ಎರಡೂ ಪಕ್ಕದಲ್ಲಿ ಇಳಿದು, ಗಂಟಲು, ಹೃದಯ, ಶ್ವಾಸಕೋಶ, ಹೊಟ್ಟೆ, ಕರುಳಿನವರೆಗೂ ಹೋಗುವ ನರ ಇದು. ಇದರ ಎಳೆಗಳಲ್ಲಿ ಸುಮಾರು ಶೇ. 80ರಷ್ಟು ಮೈಯ ಸುದ್ದಿಯನ್ನು ಮೇಲಕ್ಕೆ, ಮೆದುಳಿಗೆ ಒಯ್ಯುವಂಥವು. ಆ ಸುದ್ದಿ ಸೆರೊಟೋನಿನ್, ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕಗಳನ್ನು ಹರಿಸುವ ಮೆದುಳಿನ ಜಾಗಗಳನ್ನೂ, ಭಯ ಮತ್ತು ನೆನಪಿನ ಭಾಗಗಳನ್ನೂ ಮುಟ್ಟುತ್ತದೆ. ಖಿನ್ನತೆಯಲ್ಲಿರುವವರಿಗೆ "ಎಲ್ಲಾ ನಿನ್ನ ಮನಸ್ಸಿನದ್ದೇ, ಧೈರ್ಯ ತಗೋ" ಅಂತ ಬುದ್ಧಿ ಹೇಳುವವರನ್ನು ಕಂಡರೆ ನನಗೆ ಸಂಕಟವಾಗುವುದು ಅದಕ್ಕೇ. ಮನಸ್ಸು ಅನ್ನುವುದರಲ್ಲಿ ಹೊಟ್ಟೆ, ಎದೆ, ಉಸಿರು ಎಲ್ಲಾ ಸೇರಿವೆ.

ಈ ನರಕ್ಕೆ ಕರೆಂಟ್ ಕೊಡುವ ಚಿಕಿತ್ಸೆ ಮೊದಲು ಬಂದದ್ದು ಫಿಟ್ಸ್‌ಗೆ. ಎದೆಯ ಮೇಲ್ಭಾಗದಲ್ಲಿ ಚರ್ಮದ ಕೆಳಗೆ ಪೇಸ್‌ಮೇಕರ್ ತರಹದ ಪುಟ್ಟ ಯಂತ್ರ ಕೂರಿಸಿ, ಅದರ ತಂತಿಯನ್ನು ಕುತ್ತಿಗೆಯ ಎಡಗಡೆಯ ನರಕ್ಕೆ ಸುತ್ತುತ್ತಾರೆ. ಸಾಮಾನ್ಯವಾಗಿ 30 ಸೆಕೆಂಡ್ ಕರೆಂಟ್, 5 ನಿಮಿಷ ಬಿಡುವು, ಹಗಲೂ ರಾತ್ರಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಹಾಕಿಸಿಕೊಂಡವರಲ್ಲಿ ಕೆಲವರಿಗೆ ಫಿಟ್ಸ್ ಅಷ್ಟೇನೂ ಕಡಿಮೆಯಾಗದಿದ್ದರೂ ಮನಸ್ಸು ಹಗುರಾಗಿತ್ತು. ವೈದ್ಯರು ಇದನ್ನು ಗಮನಿಸಿದರು. 2005ರಲ್ಲಿ, ಹಲವು ಚಿಕಿತ್ಸೆಗೂ ಬಗ್ಗದ ಖಿನ್ನತೆಗೆ ಒಪ್ಪಿಗೆ ಸಿಕ್ಕಿತು.

ರೀಲ್ಸ್‌ನಲ್ಲಿ ಬಾರದ ಭಾಗ ಇಲ್ಲಿದೆ. ಆ ಒಪ್ಪಿಗೆಗೆ ಮುಂಚಿನ ಪರೀಕ್ಷೆಯಲ್ಲಿ 10 ವಾರದ ಹೊತ್ತಿಗೆ ಕರೆಂಟ್ ಪಡೆದವರಲ್ಲಿ ಶೇ. 15ರಷ್ಟು ಜನರಿಗೆ ಗುಣ ಕಂಡಿತು. ಯಂತ್ರ ಹಾಕಿಯೂ ಆನ್ ಮಾಡದೆ ಬಿಟ್ಟವರಲ್ಲಿ ಶೇ. 10. ಇದೇನು ದೊಡ್ಡ ವ್ಯತ್ಯಾಸವಲ್ಲ. 5 ವರ್ಷ ಜನರನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾತ್ರ ಯಂತ್ರ ಇದ್ದವರಲ್ಲಿ ಶೇ. 68ರಷ್ಟು, ಇಲ್ಲದವರಲ್ಲಿ ಶೇ. 41ರಷ್ಟು ಜನ ಚೇತರಿಕೆ ಕಂಡರು. ಇಲ್ಲಿ ಚೀಟಿ ಎತ್ತಿ ಗುಂಪು ಮಾಡಿರಲಿಲ್ಲ, ಹಾಗಾಗಿ ಈ ಲೆಕ್ಕವನ್ನು ಸ್ವಲ್ಪ ಹುಷಾರಾಗಿಯೇ ಓದಬೇಕು. ನನಗೆ ಮುಖ್ಯ ಅನಿಸಿದ್ದು ಇನ್ನೊಂದು. ಆಪರೇಷನ್ ಮಾಡಿಸಿಕೊಂಡು ಎದೆಯಲ್ಲಿ ಯಂತ್ರ ಇಟ್ಟುಕೊಂಡವರು ಕೂಡ ಮಾಮೂಲಿ ಚಿಕಿತ್ಸೆ ಬಿಟ್ಟಿರಲಿಲ್ಲ. ಹೀಗಿರುವಾಗ ಕಿವಿಯ ಕ್ಲಿಪ್ ನಂಬಿ ನಾವು ಯಾಕೆ ಬಿಡಬೇಕು?

ತಲೆ ಚುರುಕಾಗುವ ಮಾತಿಗೂ ಒಂದು ಆಧಾರ ಇದೆ. 1999ರ ಒಂದು ಅಧ್ಯಯನದಲ್ಲಿ, ಓದಿದ ತಕ್ಷಣ ಈ ನರಕ್ಕೆ ಹದವಾದ ಕರೆಂಟ್ ಕೊಟ್ಟಾಗ ಓದಿದ ಪದಗಳನ್ನು ಗುರುತಿಸುವುದು ಉತ್ತಮವಾಯಿತು. ಕರೆಂಟ್ ಜಾಸ್ತಿ ಮಾಡಿದಾಗ ಆ ಲಾಭ ಸಿಗಲಿಲ್ಲ. ಹದ ತಪ್ಪಿದರೆ ಇಲ್ಲ ಅಂತಾಯಿತು, ಅಲ್ವಾ?

ಇನ್ನು ಕಿವಿ. ಕಿವಿಗೆ ಕಡ್ಡಿ ಹಾಕಿದಾಗ ಕೆಲವರಿಗೆ ಕೆಮ್ಮು ಬರುತ್ತದೆ. ಅದು ವೇಗಸ್‌ನ ಒಂದು ಕವಲು ಅಲ್ಲಿಗೆ ಬಂದಿರುವುದರಿಂದಲೇ. ಆ ಕವಲು ಕಿವಿಯ ತೂತಿಗೆ ಸ್ವಲ್ಪ ಮೇಲಿನ ಗುಳಿಯಲ್ಲೂ ಹರಡಿದೆ, ಸಂಶೋಧಕರು ಕರೆಂಟ್ ಕೊಡುವುದು ಅಲ್ಲಿಗೆ. ಸಕಲೇಶಪುರದ ಹತ್ತಿರ ತೋಟದಲ್ಲಿರುವ ನನ್ನ ಭಾವ ಕ್ಲಿಪ್ ಸಿಕ್ಕಿಸಿಕೊಂಡದ್ದು ಓಲೆ ಹಾಕುವ ಜಾಗದಲ್ಲಿ, ಕಿವಿಯ ಹಾಲೆಗೆ. ಎಷ್ಟೋ ಅಧ್ಯಯನಗಳಲ್ಲಿ ಸುಳ್ಳು ಚಿಕಿತ್ಸೆ ಕೊಟ್ಟು ಹೋಲಿಸಿ ನೋಡಬೇಕಾದಾಗ ಕ್ಲಿಪ್ ಹಾಕುವುದು ಅದೇ ಹಾಲೆಗೆ, ಅಲ್ಲಿ ಈ ಕವಲು ಇಲ್ಲ ಅಂತ!

ಭಾವ ಅಷ್ಟರಲ್ಲಿ ಮಾತ್ರೆ ನಿಲ್ಲಿಸಿಯಾಗಿತ್ತು. ತಲೆ ತಿರುಗುವುದು, ನಿದ್ದೆ ಬಾರದಿರುವುದು, ತಲೆಯೊಳಗೆ ಝುಮ್ ಅಂತ ಶಾಕ್ ಹೊಡೆದ ಹಾಗೆ ಆಗುವುದು ಶುರುವಾಯಿತು. "ನರ ಎಚ್ಚರ ಆಗ್ತಿದೆ ಕಣಮ್ಮ" ಅಂದರು. ಆಮೇಲೆ ಡಾಕ್ಟರ್ ಹೇಳಿದರು, ಖಿನ್ನತೆಯ ಮಾತ್ರೆಯನ್ನು ಒಮ್ಮೆಗೇ ಬಿಟ್ಟರೆ ಹೀಗಾಗುತ್ತದೆ ಅಂತ. ಅಲ್ಲಿಗೆ ಕರೆದುಕೊಂಡು ಹೋಗುವುದೇ ಕಷ್ಟವಾಯಿತು. "ಅಲ್ಲಿ ಹೋದ್ರೆ ತಲೆಗೆ ಕರೆಂಟ್ ಕೊಡ್ತಾರೆ" ಅನ್ನುವ ಹೆದರಿಕೆ. ಮನೋವೈದ್ಯರ ಬಳಿ ಹೋದವರಲ್ಲಿ ಹೆಚ್ಚಿನವರಿಗೆ ಅದು ಬೇಕಾಗುವುದೇ ಇಲ್ಲ. ತೀರಾ ಬೇಕಾದವರಿಗೆ ಅರಿವಳಿಕೆ ಕೊಟ್ಟೇ ಮಾಡುತ್ತಾರೆ, ಎಷ್ಟೋ ಜೀವ ಉಳಿಸಿರುವ ಚಿಕಿತ್ಸೆ ಅದು. ವೇಗಸ್‌ಗೆ ಕರೆಂಟ್ ಕೊಡುವುದು ಬೇರೆಯೇ ವಿಧಾನ. ಆಸ್ಪತ್ರೆಯ ಕರೆಂಟ್‌ಗೆ ಹೆದರಿ ಮನೆಯಲ್ಲಿ ಯಾರೂ ನೋಡಿಕೊಳ್ಳದ ಕರೆಂಟ್ ಹಚ್ಚಿಕೊಳ್ಳುವುದು ಇನ್ನೂ ಅಪಾಯ. ಹೃದಯದ ತೊಂದರೆ ಇರುವವರು, ಪೇಸ್‌ಮೇಕರ್ ಇರುವವರಂತೂ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ದುಡ್ಡು ಖರ್ಚಿಲ್ಲದ ದಾರಿ ಬೇಕಾದರೆ ಉಸಿರು ಇದೆ. ಉಸಿರನ್ನು ನಿಧಾನವಾಗಿ ಬಿಡುವಾಗ ವೇಗಸ್ ಹೃದಯದ ಬಡಿತವನ್ನು ತಗ್ಗಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನವರು 2011ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಓಂ ಹೇಳುವಾಗ ಭಾವನೆಗೆ ಸಂಬಂಧಿಸಿದ ಮೆದುಳಿನ ಭಾಗಗಳ ಚಟುವಟಿಕೆ ತಗ್ಗಿದ್ದು ಕಂಡಿತ್ತು. ವೇಗಸ್‌ನ ಕಿವಿಯ ಕವಲೇ ಇದಕ್ಕೆ ಕಾರಣ ಇರಬಹುದು ಅಂತ ಅವರ ಊಹೆ. ಮಾಡಿ, ದಿನಾ ಮಾಡಿ. ಆದರೆ ಮಾತ್ರೆ ತಗೊಂಡೇ ಮಾಡಿ. ಕಡಿಮೆ ಮಾಡಬೇಕು ಅನಿಸಿದರೆ ಕೊಟ್ಟ ಡಾಕ್ಟರನ್ನೇ ಕೇಳಿ.

ಡಾಕ್ಟರ್ ಹತ್ತಿರ ಹೋಗಲು ಹಿಂಜರಿಕೆ ಇದ್ದರೆ ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಯಾವ ಹೊತ್ತಿಗಾದರೂ ಸರಿ.