ಮರ್ಯಾದೆ ಕೊಡ್ತೀವಿ, ಕೆಲಸ ಕೊಡಲ್ಲ

ವಯಸ್ಸಾದ ಕ್ರೈಸ್ತರು ಏನು ಮಾಡಬೇಕು ಅನ್ನುವುದರಲ್ಲಿ ನಮ್ಮ ಗದಗ-ಬೆಟಗೇರಿ ಕಡೆಯ ಸಭೆಗಳಿಗೂ ನಾನಿರುವ ಇಂಗ್ಲೆಂಡಿನ ಚರ್ಚುಗಳಿಗೂ ಅಜಗಜಾಂತರ. ಇಲ್ಲಿ ಪಿಂಚಣಿ ಶುರುವಾಗಿದ್ದೇ ತಡ, ಚರ್ಚಿನವರು ಯಾರಾದರೂ ಬಂದು, "ಈಗ ನಿಮಗೆ ಪುರುಸೊತ್ತು ಇರುತ್ತೆ ಅಲ್ವಾ?" ಎಂದು ಕೇಳುತ್ತಾರೆ. ಮುಂದಿನ ವಾರ ನೋಡಿದರೆ ಗೋಡೆಯ ಮೇಲಿನ ಕೆಲಸದ ಪಟ್ಟಿಯಲ್ಲಿ ನಿಮ್ಮ ಹೆಸರಿರುತ್ತದೆ. ಊರಲ್ಲಿ ಅದೇ ವಯಸ್ಸಿನವರು ಬೆಂಚಿಗೆ ಕೈ ಹಾಕಿದರೆ ಹುಡುಗರು ಓಡಿ ಬರುತ್ತಾರೆ: "ಅಜ್ಜಾರ, ನೀವ್ ಸುಮ್ನ ಕೂಡ್ರಿ, ನಾವ್ ಮಾಡ್ತೀವಿ."

ಈ ಮಾತಿನಲ್ಲಿ ಪ್ರೀತಿ ಇದೆ, ಇಲ್ಲ ಅನ್ನಲ್ಲ. ಆದರೆ ಅವರನ್ನು ಹೀಗೆ ಎಷ್ಟು ವರ್ಷ ಕೂರಿಸುತ್ತೀರಿ?

ಆಸ್ಪತ್ರೆ ಕೆಲಸದಿಂದ ನಿವೃತ್ತನಾದ ಮೇಲೆ ಕಷ್ಟದಲ್ಲಿರುವವರಿಗೆ ಪುಕ್ಕಟೆ ದಿನಸಿ ಕೊಡುವ ಒಂದು ಫುಡ್‌ಬ್ಯಾಂಕ್ ನಾನೂ ಸೇರಿಕೊಂಡೆ. ಟ್ರಸೆಲ್ ಎಂಬ ಸಂಸ್ಥೆ 2000ದಲ್ಲಿ ಸಾಲ್ಸ್‌ಬರಿಯಲ್ಲಿ ತನ್ನ ಮೊದಲ ಫುಡ್‌ಬ್ಯಾಂಕ್ ತೆರೆಯಿತು. ಈಗ ಬ್ರಿಟನ್ನಿನ ಊರೂರಲ್ಲೂ ಇವೆ, ಬಹಳಷ್ಟು ಚರ್ಚಿನ ಹಾಲ್‌ಗಳಲ್ಲೇ ನಡೆಯುತ್ತವೆ. ಡಾಕ್ಟರೋ ಸಮಾಜ ಕಾರ್ಯಕರ್ತರೋ ಕೊಟ್ಟ ಚೀಟಿ ಹಿಡಿದು ಜನ ಬರುತ್ತಾರೆ. ಕಡೇಪಕ್ಷ ಮೂರು ದಿನಕ್ಕಾಗುವಷ್ಟು ಸಾಮಾನು ಕೊಡುತ್ತೇವೆ. ನನ್ನದು ಹಿಂದಿನ ಕೋಣೆಯ ಕೆಲಸ. ಬಂದ ಡಬ್ಬಿಗಳನ್ನು ತೂಗಬೇಕು, ಅವಧಿ ಮುಗಿಯುವ ತಿಂಗಳು, ವರ್ಷವನ್ನು ಮಾರ್ಕರಿನಲ್ಲಿ ದಪ್ಪಗೆ ಬರೆಯಬೇಕು, ಮೊದಲು ಮುಗಿಯುವುದನ್ನು ಮುಂದಿಡಬೇಕು. ಸುತ್ತ ಇರುವವರೆಲ್ಲ ನನ್ನಂಥ ಬಿಳಿತಲೆಗಳೇ.

ಮುಂದಿನ ಮೇಜಿನಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಕೂರುತ್ತಾರೆ. ಬಂದವರಿಗೆ ಮೊದಲು ಚಹಾ. ಆಮೇಲೆ ಮೆಲ್ಲಗೆ, "ಮನೆಯಲ್ಲಿ ಒಲೆ ಇದೆಯಾ, ಬರೀ ಕೆಟಲ್ ಇದೆಯಾ?" ಎಂದು ಕೇಳುತ್ತಾರೆ. ಕೆಟಲ್ ಮಾತ್ರ ಅಂದರೆ ಅಕ್ಕಿ, ಪಾಸ್ತಾ ತೆಗೆದು ಬಿಸಿನೀರು ಹುಯ್ದರೆ ಆಗುವಂಥದ್ದನ್ನು ಹಾಕಬೇಕು. ಅವರು ದೇವರ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ಯಾರಾದರೂ ಅವರೇ ಪ್ರಾರ್ಥನೆ ಮಾಡಿ ಅಂದರೆ ಮಾಡುತ್ತಾರೆ, ಅಷ್ಟೇ. ನಮ್ಮ ಊರಾಗಿದ್ದರೆ ಮೊದಲು ಪ್ರಾರ್ಥನೆ, ಆಮೇಲೆ ಒಂದು ಕೀರ್ತನೆ, ಆಮೇಲೆ ಸ್ವಾಗತ ಭಾಷಣ, ಅಷ್ಟರಲ್ಲಿ ಚಹಾ ತಣ್ಣಗಾಗಿರುತ್ತಿತ್ತು!

ಪಾದ್ರಿಗಳ ಕಥೆಯೂ ಇದೇ. ಇಲ್ಲಿನ ಹಳ್ಳಿಗಳಲ್ಲಿ ಒಬ್ಬರೇ ಪಾದ್ರಿ ಹಲವು ಚರ್ಚು ನೋಡಿಕೊಳ್ಳಬೇಕು. ಬಿಷಪ್ಪರ ಅನುಮತಿ ಪಡೆದ ನಿವೃತ್ತ ಪಾದ್ರಿಗಳು ಕೈಜೋಡಿಸದಿದ್ದರೆ ಎಷ್ಟೋ ಕಡೆ ಭಾನುವಾರದ ಆರಾಧನೆ ನಿಂತೇಹೋಗುತ್ತಿತ್ತು.

ಇದು ಬಿಳಿಯರ ರೀತಿ, ನಮಗೆ ಒಗ್ಗಲ್ಲ ಅನ್ನುವವರಿಗೆ ಕಿಟ್ಟೆಲ್ ಅವರನ್ನು ನೆನಪಿಸುತ್ತೇನೆ. ಅವರೂ ಹೊರಗಿನಿಂದ ಬಂದವರೇ, ಆದರೆ ನಾವು ನಮ್ಮವರೆಂದು ಒಪ್ಪಿಕೊಂಡವರು. ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅವರಿಗೆ 62. ಅಷ್ಟು ದೊಡ್ಡ ಕೆಲಸ ಮುಗಿಸಿದವರು ಜರ್ಮನಿಯಲ್ಲಿ ಆರಾಮಾಗಿ ಇರಬಹುದಿತ್ತು. ಅಲ್ಲಿ ಕೂತು ಕನ್ನಡ ವ್ಯಾಕರಣ ಬರೆದರು. ಅದು ಹೊರಬಂದದ್ದು 1903ರಲ್ಲಿ, ತೀರಿಕೊಂಡದ್ದೂ ಅದೇ ವರ್ಷ.

ನಮ್ಮ ಸಭೆಗಳಲ್ಲಿ ಹಿರಿಯರಿಗೆ ಉಳಿದಿರುವ ಒಂದೇ ಕೆಲಸ ಕಮಿಟಿ. ಅದೂ ಗಂಡಸರಿಗೇ ಜಾಸ್ತಿ. ಅದರ ಚುನಾವಣೆ, ಅದರ ಗುಂಪುಗಾರಿಕೆ ನೋಡಿದವರಿಗೆ ನಾನೇನೂ ಬಿಡಿಸಿ ಹೇಳಬೇಕಿಲ್ಲ. ಮಾಡಲು ಬೇರೆ ಕೆಲಸ ಇದ್ದಿದ್ದರೆ ಜಗಳ ಅರ್ಧ ಕಡಿಮೆಯಾಗುತ್ತಿತ್ತು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಇಂಗ್ಲೆಂಡಿನವರ ಕೊರತೆ ಬೇರೆ ಥರದ್ದು. ಮಂಡಿ ಕೈಕೊಟ್ಟಿತು, ಪಟ್ಟಿಯಿಂದ ಹೆಸರು ಹೋಯಿತು. ಆಮೇಲೆ ಒಂದು ಕಾರ್ಡು, ಯಾವಾಗಲೋ ಒಂದು ಫೋನು. ಮನೆಗೇ ಪ್ರಭು ಭೋಜನ, ಅಂದರೆ ಆರಾಧನೆಯ ರೊಟ್ಟಿ-ದ್ರಾಕ್ಷಾರಸ, ತಂದುಕೊಡುವವರು ಇದ್ದಾರೆ, ನಿಜ. ಆದರೆ ಹಾಸಿಗೆ ಹಿಡಿದವರಿಂದಲೂ ಸಭೆಗೆ ಏನಾದರೂ ಆಗಬೇಕಿದೆ ಎಂದು ಯಾರೂ ಅವರ ಹತ್ತಿರ ಹೋಗಿ ಕೇಳುವುದಿಲ್ಲ. ನಮ್ಮಲ್ಲಿ ಕೇಳುತ್ತಾರೆ. ಪರೀಕ್ಷೆಗೆ ಹೊರಟ ಹುಡುಗಿ, ಹೆರಿಗೆಗೆ ತವರಿಗೆ ಬಂದವಳು, ಎಲ್ಲರೂ ಆ ಮಂಚದ ಹತ್ತಿರ ಹೋಗಿ, "ಅಮ್ಮಾ, ನನಗಾಗಿ ಪ್ರಾರ್ಥನೆ ಮಾಡ್ರಿ" ಅನ್ನುತ್ತಾರೆ. ಲೂಕನ ಸುವಾರ್ತೆಯಲ್ಲಿ ಬರುವ ಅನ್ನಳೂ ಮುದುಕಿ, ವಿಧವೆ. ಉಪವಾಸ, ಪ್ರಾರ್ಥನೆ ಬಿಟ್ಟರೆ ಬೇರೆ ಕೆಲಸವಿಲ್ಲದವಳು. ಆದರೂ ಮಗು ಯೇಸುವನ್ನು ದೇವಾಲಯಕ್ಕೆ ತಂದಾಗ ಗುರುತು ಹಿಡಿದವರಲ್ಲಿ ಅವಳೂ ಒಬ್ಬಳು. ಅನ್ನಳಿಗೆ ನಮ್ಮಲ್ಲಿ ಜಾಗ ಇದೆ. ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರಿಗೇ ಇಲ್ಲದಿರುವುದು.

ಊರಿನ ತಮ್ಮನ ಹತ್ತಿರ ಫೋನಿನಲ್ಲಿ ಇದನ್ನೇ ಹೇಳಿದೆ. ನಿವೃತ್ತ ನರ್ಸುಗಳು, ಮಾಸ್ತರರು ನಮ್ಮ ಸಭೆಗಳಲ್ಲಿ ಕಡಿಮೆ ಇದ್ದಾರಾ? ಅವರನ್ನು ಕೆಲಸಕ್ಕೆ ಹಚ್ಚಬಾರದಾ? ಅವನು ನಕ್ಕ. "ಮಕ್ಕಳು ಒಪ್ಪಬೇಕಲ್ಲೋ ಅಣ್ಣಾ. ಈ ವಯಸ್ಸಿನ್ಯಾಗ ತಾಯಿನ್ನ ದುಡಿಯಾಕ ಹಚ್ಯಾರ, ಮಗ ಸಾಕವಲ್ಲ ಅಂತಾರ ಮಂದಿ." ಅಡ್ಡಿ ಇರುವುದು ಇಲ್ಲಿ. ಕೈಲಾಗದಿರುವುದು ಅಜ್ಜಿಗಲ್ಲ, ಮಂದಿಯ ಬಾಯಿಗೆ ಹೆದರುವ ಮಗನಿಗೆ.

ಹಾಗಾದರೆ ಸಣ್ಣದರಿಂದ ಶುರು ಮಾಡೋಣ. ಹಳ್ಳಿಯಿಂದ ಆಸ್ಪತ್ರೆಗೆ ಬರುವವರಿಗೆ ಯಾವ ಚೀಟಿ ಎಲ್ಲಿ ಮಾಡಿಸಬೇಕು, ಯಾವ ಗುಳಿಗೆ ಊಟಕ್ಕೆ ಮೊದಲು, ಯಾವುದು ಆಮೇಲೆ ಅನ್ನುವುದೇ ತಿಳಿಯುವುದಿಲ್ಲ. ಚೀಟಿಯ ಕಿಟಕಿ ತೋರಿಸಿ, ಡಾಕ್ಟರು ಬರೆದದ್ದನ್ನು ಬಿಡಿಸಿ ಹೇಳಲು ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದ ಅಮ್ಮನಿಗಿಂತ ಬೇರೆ ಯಾರು ಬೇಕು? ವಾರಕ್ಕೆ ಎರಡು ಬೆಳಿಗ್ಗೆ ಸಾಕು. ಮಗ ಸ್ಕೂಟರಿನಲ್ಲಿ ಬಿಟ್ಟು, ಮಧ್ಯಾಹ್ನ ಕರೆದುಕೊಂಡು ಹೋಗಲಿ.