ಟೇಬಲ್ ಇದ್ದೂ ಇಲ್ಲ ಅನ್ನುವುದು ಯಾವ ನ್ಯಾಯ?

ಇದ್ದದ್ದನ್ನು ಇಲ್ಲ ಅನ್ನುವ ಸಾಫ್ಟ್‌ವೇರ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಮೆಜಾನಿನ ಡೈನಮೋಡಿಬಿ ಲೋಕಲ್ ಮಾಡುವುದು ಇದೇ ಕೆಲಸ. ನೆಟ್ ಬೇಡ, ತಿಂಗಳ ಬಿಲ್ ಬೇಡ, ನಮ್ಮ ಲ್ಯಾಪ್‌ಟಾಪಿನಲ್ಲೇ ನಡೆಯುವ ಡೇಟಾಬೇಸ್, ಅಂದರೆ ಮಾಹಿತಿಯನ್ನು ಟೇಬಲ್ ಅನ್ನುವ ಕೋಷ್ಟಕಗಳಲ್ಲಿ ಕೂಡಿಡುವ ಸಾಫ್ಟ್‌ವೇರ್. ಮಳೆಗಾಲದಲ್ಲಿ ಶಿರಸಿಯಲ್ಲಿ ಕೂತು ಕೆಲಸ ಮಾಡುವವರಿಗೆ ಅದು ಎಷ್ಟು ಅನುಕೂಲ ಅಂತ ಬೇರೆ ಹೇಳಬೇಕಾ? ಅದಕ್ಕೇ ಸಿಟ್ಟು ಜಾಸ್ತಿ.

ಇಲ್ಲಿಯ ಒಬ್ಬ ಅಡಿಕೆ ವ್ಯಾಪಾರಿಗೆ ಲೆಕ್ಕ ಇಡುವ ಆ್ಯಪ್ ಮಾಡುತ್ತಿದ್ದೇವೆ. ಅವರಿಗೆ ತೋರಿಸಲಿಕ್ಕೆ ಅಂತ ಅವರದೇ ಹಳೇ ಚೀಟಿಗಳನ್ನು ಕೂತು ಟೈಪ್ ಮಾಡಿದ್ದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು. ಒಂದೊಂದಕ್ಕೂ ಬೇರೆ ದರ, ಬೇರೆ ತೂಕ. ಕೆಲವು ಚೀಟಿಯಲ್ಲಿ ಶಾಯಿ ಹರಡಿ ಅಂಕಿಯೇ ಕಾಣುತ್ತಿರಲಿಲ್ಲ, ಬೆಳಕಿಗೆ ಹಿಡಿದು ಓದಬೇಕಿತ್ತು. ಅವರು ಬರುವ ದಿನ ಬೆಳಿಗ್ಗೆ ಎಲ್ಲೋ ಲೈನ್ ಮೇಲೆ ಮರ ಬಿತ್ತು, ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಆಫ್ ಆಯಿತು. ಕರೆಂಟ್ ಬಂದ ಮೇಲೆ ತಂಡದವರು ಕೊಟ್ಟ ಸ್ಕ್ರಿಪ್ಟಿನಿಂದಲೇ ಡೇಟಾಬೇಸ್ ಶುರು ಮಾಡಿದೆ. ಆ್ಯಪ್ ತೆರೆದರೆ ಎರರ್: ಅಸ್ತಿತ್ವದಲ್ಲೇ ಇಲ್ಲದ ಟೇಬಲ್ ಮೇಲೆ ಕೆಲಸ ಮಾಡಲು ಬರುವುದಿಲ್ಲವಂತೆ! ಟೇಬಲ್ ಪಟ್ಟಿ ಕೇಳಿದರೆ ಎರಡು ಚೌಕ ಕಂಸ, ನಡುವೆ ಏನೂ ಇಲ್ಲ. ಟೇಬಲ್ಲುಗಳನ್ನು ಪರದೆ ಮೇಲೆ ತೋರಿಸುವ ನೋಎಸ್‌ಕ್ಯೂಎಲ್ ವರ್ಕ್‌ಬೆಂಚ್ ತೆರೆದರೆ ಅಲ್ಲೂ ಖಾಲಿ.

ಪಕ್ಕದಲ್ಲಿ ಕೂತಿದ್ದ ವ್ಯಾಪಾರಿ, "ತಮಾ, ಲೆಕ್ಕೆಲ್ಲ ಎಲ್ಲೋತು?" ಅಂದರು. ಏನು ಉತ್ತರ ಕೊಡಲಿ?

ಬೆಂಗಳೂರಿಗೆ ಫೋನ್ ಮಾಡಿದರೆ ಸೀನಿಯರ್ ಯೋಚನೆಯನ್ನೂ ಮಾಡಲಿಲ್ಲ. "ನಿಮ್ಮೂರಲ್ಲಿ ಕರೆಂಟ್ ಹೋಗಿ ಡೇಟಾ ಹಾಳಾಗಿರುತ್ತೆ ಬಿಡಿ, ಮತ್ತೆ ತುಂಬಿಸಿ." ಎಷ್ಟು ಸಲೀಸು ನೋಡಿ! ನಮ್ಮ ಕಡೆಯಿಂದ ಏನೇ ತೊಂದರೆ ಹೇಳಿದರೂ ಇವರ ಹತ್ತಿರ ಇರುವುದು ಎರಡೇ ಕಾರಣ, ಒಂದು ಕರೆಂಟು, ಇನ್ನೊಂದು ನೆಟ್ಟು.

ಡೇಟಾ ಹಾಳಾಗಿರಲಿಲ್ಲ. ಒಂದಕ್ಷರವೂ ಹೋಗಿರಲಿಲ್ಲ.

ನಡೆದದ್ದು ಇದು. ಈ ಡೇಟಾಬೇಸಿಗೆ ಆ್ಯಕ್ಸೆಸ್ ಕೀ (ಕೇಳುತ್ತಿರುವವರು ಯಾರು ಅಂತ ಗುರುತು ಹೇಳುವ ಅಕ್ಷರಗಳು) ಕೊಡಬೇಕು, ಆದರೆ ನಿಜವಾದ ಕೀ ಬೇಕಿಲ್ಲ. ಬಾಯಿಗೆ ಬಂದದ್ದು ಕೊಟ್ಟರೂ ಒಪ್ಪುತ್ತದೆ. ಹಾಗಂದ ಮೇಲೆ ಅದಕ್ಕೆ ಬೆಲೆ ಇಲ್ಲ ಅಂತ ಯಾರಾದರೂ ತಿಳಿಯುತ್ತಾರೆ, ಅಲ್ವಾ? ಆದರೆ ಅದೇ ಕೀ ಮತ್ತು ರೀಜನ್ (ಅಮೆಜಾನ್ ಸರ್ವರ್ ಇರುವ ಪ್ರದೇಶದ ಹೆಸರು) ಸೇರಿಸಿ ಇದು ಫೈಲಿಗೆ ಹೆಸರಿಡುತ್ತದೆ. ಕೀ ಬೇರೆಯಾದರೆ ಬೇರೆ ಫೈಲು. ರೀಜನ್ ಬೇರೆಯಾದರೂ ಬೇರೆ ಫೈಲು. ನಮ್ಮ ಆ್ಯಪಿನಲ್ಲಿ ಮುಂಬೈ ರೀಜನ್, ಅಂದರೆ ಎಪಿ-ಸೌತ್-1. ವರ್ಕ್‌ಬೆಂಚಿನಲ್ಲಿ ಬೇರೆ ಕೀ, ಬೇರೆ ರೀಜನ್. ಇಬ್ಬರೂ ಮಾತಾಡುವುದು ಅದೇ 8000ನೇ ಪೋರ್ಟಿಗೆ, ನೋಡುವುದು ಮಾತ್ರ ಬೇರೆ ಬೇರೆ ಫೈಲು. ಮನೆ ಒಂದೇ, ಬಾಗಿಲೂ ಒಂದೇ, ಒಳಗೆ ಹೋದವರಿಗೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಕೋಣೆ ತೋರಿಸಿದ ಹಾಗೆ.

ಅಷ್ಟೇ ಅಲ್ಲ. ಫೈಲ್ ಎಲ್ಲಿಡಬೇಕು ಅಂತ ಡಿಬಿಪಾತ್ ಕೊಡದಿದ್ದರೆ, ಯಾವ ಫೋಲ್ಡರಿನಲ್ಲಿ ನಿಂತು ಶುರು ಮಾಡುತ್ತೇವೋ ಅಲ್ಲೇ ಫೈಲ್ ಇಡುತ್ತದೆ. ತಂಡದ ಸ್ಕ್ರಿಪ್ಟಿನಲ್ಲಿ ಅದಿರಲಿಲ್ಲ. ಬೆಳಿಗ್ಗೆ ಬೇರೆ ಫೋಲ್ಡರಿನಿಂದ ಶುರುವಾಯಿತು, ಅಲ್ಲಿ ಹೊಸ ಖಾಲಿ ಫೈಲ್ ಹುಟ್ಟಿತು. ಹಳೇ ಫೈಲು ಹಳೇ ಫೋಲ್ಡರಿನಲ್ಲಿ ಸುಮ್ನೆ ಕೂತಿತ್ತು. ಆ ಫೈಲಿನ ಒಳಗಿರುವುದು ಎಸ್‌ಕ್ಯೂಲೈಟ್ ಅನ್ನುವ ಮಾಮೂಲಿ ಡೇಟಾಬೇಸ್, ಹಾಗಾಗಿ ಬೇರೆ ಟೂಲಿನಲ್ಲಿ ತೆರೆದು ನೋಡಿದೆ. ಚಾಲಿಯೂ ಇತ್ತು, ಕೆಂಪುಗೋಟೂ ಇತ್ತು.

ಯಾರಿಗಾದರೂ ಹೀಗಾದರೆ ಮೊದಲು ಹೆಸರಿನ ಕೊನೆಯಲ್ಲಿ ಡಾಟ್ ಡಿಬಿ ಅಂತ ಇರುವ ಫೈಲುಗಳನ್ನು ಇಡೀ ಲ್ಯಾಪ್‌ಟಾಪಿನಲ್ಲಿ ಹುಡುಕಿ. ಕೀ, ರೀಜನ್ ಎಲ್ಲಾ ಕಡೆ ಒಂದೇ ಇದೆಯಾ ನೋಡಿ. ಶೇರ್ಡ್‌ಡಿಬಿ ಅಂತ ಒಂದು ಆಯ್ಕೆ ಇದೆ, ಅದನ್ನು ಹಾಕಿದರೆ ಎಲ್ಲರಿಗೂ ಒಂದೇ ಫೈಲು. ಆದರೆ ಹುಷಾರು, ಅದನ್ನು ಹಾಕಿದ ಕೂಡಲೇ ಹಳೇ ಟೇಬಲ್ಲುಗಳು ತಾವಾಗಿ ಅದರೊಳಗೆ ಬರುವುದಿಲ್ಲ, ಮತ್ತೆ ಖಾಲಿಯೇ ಕಾಣುತ್ತದೆ. ಫೈಲೇ ಮಾಡದೆ ಕಂಪ್ಯೂಟರಿನ ಮೆಮೊರಿಯಲ್ಲಷ್ಟೇ ಇಡುವ ಇನ್‌ಮೆಮೊರಿ ಅಂತ ಶುರು ಮಾಡಿದ್ದರೆ ಮಾತ್ರ ನಿಲ್ಲಿಸಿದ ಕ್ಷಣವೇ ಎಲ್ಲ ಹೋಯಿತು, ಹುಡುಕಬೇಡಿ. ಇನ್ನೊಂದು, 2.0 ಆವೃತ್ತಿಯಿಂದ ಆ್ಯಕ್ಸೆಸ್ ಕೀಯಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೇನೂ ಇರುವಂತಿಲ್ಲ. ಹಳೇ ಕೀಯಲ್ಲಿ ಅಡ್ಡಗೆರೆ ಇತ್ತು ಅಂತ ಬದಲಾಯಿಸಿದರೆ ಹೊಸ ಫೈಲು, ಮತ್ತದೇ ಗೋಳು.

ಇದೆಲ್ಲ ಕೈಪಿಡಿಯಲ್ಲಿ ಬರೆದಿದೆ ಅನ್ನಬೇಡಿ. ಬರೆದಿದೆ, ಗೊತ್ತು. ಆದರೆ ಶುರುವಾಗುವಾಗ ಪೋರ್ಟ್ ಎಷ್ಟು, ಶೇರ್ಡ್‌ಡಿಬಿ ಇದೆಯಾ ಇಲ್ವಾ ಅಂತೆಲ್ಲ ಪರದೆ ಮೇಲೆ ಬರೆಯುತ್ತದಲ್ಲ, ಡಿಬಿಪಾತ್ ಇರಬೇಕಾದ ಜಾಗದಲ್ಲಿ ನಲ್ (ಏನೂ ಇಲ್ಲ) ಅಂತ ಬರೆದು ಮುಗಿಸುವುದು ಯಾಕೆ? "ಈ ಫೋಲ್ಡರಿನಲ್ಲಿ ಈ ಹೆಸರಿನ ಹೊಸ ಫೈಲ್ ಮಾಡಿದ್ದೇನೆ" ಅಂತ ಒಂದು ಸಾಲು ಹೇಳಬಾರದಾ? ಖಾಲಿ ಫೈಲ್ ಮಾಡಿದ್ದು ತಾನೇ, ಅದು ಅದಕ್ಕೆ ಗೊತ್ತಿಲ್ಲವೇ? ಆ ಒಂದು ಸಾಲು ಇದ್ದಿದ್ದರೆ ವ್ಯಾಪಾರಿ ಆವತ್ತು ಬರಿಗೈಯಲ್ಲಿ ವಾಪಸ್ ಹೋಗುತ್ತಿರಲಿಲ್ಲ.

ಸ್ಕ್ರಿಪ್ಟಿಗೆ ಡಿಬಿಪಾತ್, ಶೇರ್ಡ್‌ಡಿಬಿ ಎರಡನ್ನೂ ಸೇರಿಸಿ ಬೆಂಗಳೂರಿಗೆ ಕಳಿಸಿದ್ದೇನೆ. ಇನ್ನೂ ಯಾರೂ ತೆರೆದು ನೋಡಿಲ್ಲ. ತಂಡದ ದಾಖಲೆಯಲ್ಲಿ ಮಾತ್ರ ಕಾರಣ ಅನ್ನುವ ಕಡೆ "ಶಿರಸಿ, ಕರೆಂಟ್ ಸಮಸ್ಯೆ" ಅಂತ ಬರೆದಾಗಿದೆ. ಅದನ್ನು ಅಳಿಸುವವರೆಗೆ ನಾನು ಕೇಳುತ್ತಲೇ ಇರುತ್ತೇನೆ.