ಮ್ಯಾಲೇನೂ ಇಲ್ರೀ, ಬರೀ ಕಲ್ಲು!

ಸಾಕಪ್ಪಾ ಸಾಕು! ಬಾದಾಮಿಯ ಉತ್ತರ ಕೋಟೆಯ ಕಣಜದ ಗಾರೆಯ ಮೇಲೂ ಈಗ ಬೈಕ್ ಕೀಲಿಯಿಂದ ಕೊರೆದ ಹೃದಯ, ಬಾಣ, ಎರಡು ಹೆಸರು. ಒಂದನೇ ಪುಲಕೇಶಿಯೂ 543ರಲ್ಲಿ ಇಲ್ಲಿನ ಬಂಡೆ ಮೇಲೆ ಬರೆಸಿದ, ಆದರೆ ಕೋಟೆ ಕಟ್ಟಿಸಿ ಬರೆಸಿದ. ನೀವೇನು ಕಟ್ಟಿದ್ದೀರಿ ಮಹಾಪ್ರೇಮಿಗಳೇ?

ಮ್ಯೂಸಿಯಂ ಪಕ್ಕದಿಂದ ಹತ್ತೋ ದಾರಿ. ಮರಳುಗಲ್ಲು ಕಾದ ಹೆಂಚಾಗುವ ಮಟಮಟ ಮಧ್ಯಾಹ್ನವೇ ಬರಬೇಕು, ಅದೂ ಜಾರೋ ಚಪ್ಪಲಿಯಲ್ಲಿ. ಎರಡು ಬಂಡೆಗಳ ನಡುವಿನ ಇಕ್ಕಟ್ಟಲ್ಲೇ ಇಡೀ ಕುಟುಂಬದ ರೀಲ್ಸ್. ಹಿಂದಿನವರು ಮೆಟ್ಟಿಲ ಮೇಲೆ ಬೇಯಬೇಕು. ಚಿಪ್ಸ್ ಪೊಟ್ಟಣ ಚರಚರ ಅನ್ನಿಸಿದರೆ ಮಂಗ ಬಾರದೆ ಪುಲಕೇಶಿ ಬರ್ತಾನಾ? ಆಮೇಲೆ ಬೈಗುಳವೆಲ್ಲ ಮಂಗಕ್ಕೆ, ಖಾಲಿ ಬಾಟಲಿ ಬಂಡೆ ಸಂದಿಗೆ.

ಕೆಳಗಿನ ಶಿವಾಲಯಕ್ಕೇ ಏದುಸಿರು ಬಂದು ವಾಪಸ್. ಇಳಿಯುತ್ತಾ ಹತ್ತುವವರಿಗೆಲ್ಲ ಪುಕ್ಕಟೆ ಉಪದೇಶ: "ಮ್ಯಾಲೇನೂ ಇಲ್ರೀ, ಬರೀ ಕಲ್ಲು." ಕೋಟೆಯಲ್ಲಿ ಕಲ್ಲಿರದೆ ಎಸಿ ಮಾಲ್ ಇರುತ್ತಾ?